ಮಳೆಗಾಲದಲ್ಲಿ ಕಿವಿ ಮಿಷನ್ ಕುಂಯ್ ಅನ್ನುತ್ತೆ, ಹೊಸದು ತಗೋಬೇಕಾ?

ತೀರ್ಥಹಳ್ಳಿಯಿಂದ:
ಅತ್ತೆಗೆ 72 ವರ್ಷ. ಎರಡೂ ಕಿವಿಗೆ ಮೋಲ್ಡ್ (ಕಿವಿಯೊಳಗೆ ಕೂರುವ, ಅಳತೆಗೆ ಮಾಡಿದ ಅಚ್ಚು) ಇರುವ, ಕಿವಿ ಹಿಂದೆ ಕೂರುವ ಮಿಷನ್. ಮಳೆ ಹಿಡಿದ ಮೇಲೆ ಬಲಗಡೆಯದು ಕುಂಯ್ ಅನ್ನುತ್ತೆ, ಆಗಾಗ ನಿಂತೇ ಹೋಗುತ್ತೆ. ಪಾತ್ರೆ ಸದ್ದು ತಲೆಗೆ ಹೊಡೆಯುತ್ತೆ ಅಂತ ಬಿಚ್ಚಿಡ್ತಾರೆ. ಮೊನ್ನೆಯಿಂದ ಎಡಗಡೆ ಏನೂ ಕೇಳಿಸ್ತಿಲ್ಲವಂತೆ, ಅದೂ ಕೆಟ್ಟಿರಬೇಕು. ಸೆಲ್ ಬದಲಿಸಿಯಾಯ್ತು.

ಮೋಲ್ಡ್‌ಮೇಷ್ಟ್ರು:
ಮೊದಲು ಬಲಗಡೆಯದು. ಮಿಷನ್ ಕೈಯಲ್ಲಿ ಹಿಡಿದು, ಮೋಲ್ಡಿನ ತುದಿಯ ತೂತನ್ನು ಬೆರಳಿಂದ ಮುಚ್ಚಿ. ಸದ್ದು ನಿಂತರೆ ಮಿಷನ್ ಸರಿಯಿದೆ. ಮೋಲ್ಡ್ ಸಡಿಲ, ಇಲ್ಲವೇ ಕಿವಿಯಲ್ಲಿ ಗುಗ್ಗೆ. ನಿಲ್ಲದಿದ್ದರೆ ಮಿಷನ್ನಿಂದ ಮೋಲ್ಡಿಗೆ ಹೋಗುವ ಟ್ಯೂಬ್ ಸೀಳಿರಬಹುದು. ಟ್ಯೂಬ್ ಹಳದಿಯಾಗಿ ಗಟ್ಟಿಯಾದರೆ ಬದಲಿಸಲೇಬೇಕು, ಸಾಮಾನ್ಯವಾಗಿ 3ರಿಂದ 6 ತಿಂಗಳಿಗೊಮ್ಮೆ.

ಆಗಾಗ ನಿಲ್ಲೋದು ಟ್ಯೂಬಲ್ಲಿ ಕಟ್ಟಿದ ನೀರಹನಿಯಿಂದ. ಮೋಲ್ಡನ್ನು ಟ್ಯೂಬ್ ಸಮೇತ ಬಿಡಿಸಿ, ಉಗುರುಬೆಚ್ಚಗಿನ ಸೋಪುನೀರಲ್ಲಿ ತೊಳೆದು, ಬ್ಲೋವರಿನಿಂದ (ಕೈಯಲ್ಲಿ ಒತ್ತಿ ಗಾಳಿ ಊದುವ ರಬ್ಬರ್ ಬುರುಡೆ) ಊದಿ, ರಾತ್ರಿಯಿಡೀ ಒಣಗಿಸಿ. ಮಿಷನ್‌ಗೆ ಮಾತ್ರ ನೀರು ಸೋಕಬಾರದು. ಅದನ್ನು ಸೆಲ್ ತೆಗೆದು, ತೇವ ಹೀರುವ ಸಿಲಿಕಾ ಜೆಲ್ ಡಬ್ಬಿಯಲ್ಲಿಡಿ. ಸೆಲ್ ಜೊತೆಗಿಟ್ಟರೆ ಅದೂ ಒಣಗಿ ಬೇಗ ಸಾಯುತ್ತೆ. ಅಕ್ಕಿ ಡಬ್ಬಿಯ ಉಪಾಯ ಬೇಡ, ಹುಡಿ ಮೈಕಿನ ತೂತಿಗೆ ಹೋಗುತ್ತೆ. ಹೊಸ ಸೆಲ್ಲಿನ ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಿ. ಕಿವಿಗೆ ಕೊಬ್ಬರಿ ಎಣ್ಣೆ ಬಿಡೋ ಅಭ್ಯಾಸ ಇದ್ದರೆ ನಿಲ್ಲಿಸಿ.

ಕಿವಿಮಾತು:
ಟ್ಯೂಬ್ ನಾಳೆ ನೋಡಿ. "ಮೊನ್ನೆಯಿಂದ ಎಡಗಡೆ ಏನೂ ಕೇಳಿಸ್ತಿಲ್ಲ" ಅಂದಿರಲ್ಲ, ಅದು ಮೊದಲು. ಕೆಟ್ಟಿದ್ದು ಮಿಷನ್ನೋ ಕಿವಿಯೋ? ಎಡ ಮಿಷನ್ನಿನ ಸದ್ದು ಏರಿಸಿ ಮುಷ್ಟಿಯೊಳಗೆ ಹಿಡಿಯಿರಿ. ಕುಂಯ್ ಅಂದರೆ ಅದಕ್ಕೆ ಜೀವ ಇದೆ. ಆಮೇಲೆ ಎರಡೂ ಬಿಚ್ಚಿ, ಫೋನಿನ ಸದ್ದು ಪೂರ್ತಿ ಏರಿಸಿ ಒಂದೊಂದೇ ಕಿವಿಗೆ ಹಿಡಿಯಿರಿ. ಬಲಕ್ಕೆ ಕೇಳಿ ಎಡಕ್ಕೆ ಕೇಳದಿದ್ದರೆ ಇವತ್ತೇ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಬರೀ ಗುಗ್ಗೆಯಾದರೆ ನೋಡಿದ ಕೂಡಲೇ ಗೊತ್ತಾಗುತ್ತೆ. ಮೂರು ದಿನದೊಳಗೆ ಹಠಾತ್ತಾಗಿ ನರದ ಕೇಳುವಿಕೆ ಕುಸಿದಿದ್ದರೆ ಸ್ಟೀರಾಯ್ಡ್ ಕೊಡ್ತಾರೆ. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೇದು, ಎರಡು ವಾರ ಕಳೆದರೆ ಪ್ರಯೋಜನ ಕಮ್ಮಿ.

ತೀರ್ಥಹಳ್ಳಿಯಿಂದ:
ಮುಷ್ಟಿಯಲ್ಲಿ ಕುಂಯ್ ಅಂತು. ಫೋನು ಎಡಕ್ಕೆ ಕೇಳಿಸಲಿಲ್ಲ. ಹೊರಟಿದ್ದೇವೆ. ಅವರಿಗೆ ಶುಗರ್ ಇದೆ.

ಕಿವಿಮಾತು:
ಶುಗರ್ ವಿಷಯ ಡಾಕ್ಟರಿಗೆ ಮೊದಲೇ ಹೇಳಿ. ಸ್ಟೀರಾಯ್ಡ್ ಮಾತ್ರೆಯಿಂದ ಅದು ಏರುತ್ತೆ. ಅಂಥವರಿಗೆ ಕಿವಿಯ ತಮಟೆಯ ಮೂಲಕ ಇಂಜೆಕ್ಷನ್ ಕೊಡುವ ದಾರಿಯೂ ಇದೆ. ಹಳೇ ಆಡಿಯೋಗ್ರಾಮ್ (ಕೇಳುವಿಕೆ ಪರೀಕ್ಷೆಯ ವರದಿ) ಇದ್ದರೆ ಒಯ್ಯಿರಿ, ಎಷ್ಟು ಇಳಿದಿದೆ ಅಂತ ಹೋಲಿಸಿ ನೋಡಬಹುದು.

ಮೋಲ್ಡ್‌ಮೇಷ್ಟ್ರು:
ಎಡಗಿವಿಯ ಆ ಸಾಲು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ, ಕ್ಷಮಿಸಿ. ಪಾತ್ರೆ ಸದ್ದಿನದು ನಿಧಾನವಾಗಿ ಮಾಡಿಸಿ: ಆಡಿಯಾಲಜಿಸ್ಟ್ (ಕಿವಿ ಪರೀಕ್ಷಿಸಿ ಮಿಷನ್ ಹೊಂದಿಸುವವರು) ಹತ್ತಿರ "ಸದ್ದು ಕಮ್ಮಿ ಮಾಡಿ" ಅಂದರೆ ಮಾತೂ ಕಮ್ಮಿಯಾಗಿಬಿಡಬಹುದು. "ಮಾತು ಹಾಗೇ ಇರಲಿ, ಜೋರು ಸದ್ದಿನ ಗರಿಷ್ಠ ಮಿತಿ ಇಳಿಸಿ" ಅನ್ನಿ. ಎಡಗಿವಿಯ ಮಟ್ಟ ಒಂದು ಕಡೆ ನಿಂತ ಮೇಲೆ ಆ ಮಿಷನ್ನನ್ನೂ ಹೊಸ ಆಡಿಯೋಗ್ರಾಮ್ ಪ್ರಕಾರ ಹೊಂದಿಸಬೇಕಾಗುತ್ತೆ. ಹತ್ತಿರದಲ್ಲಿ ಆಗದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಪರೀಕ್ಷೆಯಿಂದ ಮೋಲ್ಡ್‌ವರೆಗೆ ಅಲ್ಲೇ ಆಗುತ್ತೆ.