ತುರ್ತು: ಒಂದೇ ಬೋರ್ಡಿನಲ್ಲಿ ಎರಡು ‘ಕ್ಷಾರೀಯತೆ’

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮ ಭಾವನವರ ಅಕ್ವೇರಿಯಂ ಅಂಗಡಿ ಇದೆ. ಈಗ ಸಮುದ್ರದ ಮೀನೂ ತರಿಸುತ್ತಿದ್ದಾರೆ. ಹೊಸ ತೊಟ್ಟಿ ಒಯ್ಯುವವರಿಗಾಗಿ ಗೋಡೆಗೊಂದು ಬೋರ್ಡು, ನಾಳೆ ಬೆಳಿಗ್ಗೆ ಫ್ಲೆಕ್ಸ್‌ನವನಿಗೆ ಕೊಡಬೇಕು. ನಾನು ಬರೆದದ್ದು:

ಉಪ್ಪು: ಸಾವಿರಕ್ಕೆ 35
ಕ್ಷಾರೀಯತೆ: 8.1–8.4
ಕ್ಷಾರೀಯತೆ: 8–12

ಮೊದಲನೇ ಕ್ಷಾರೀಯತೆ ಪಿಎಚ್, ಅಂದರೆ ನೀರು ಈಗ ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ. ಎರಡನೆಯದು ಆಲ್ಕಲಿನಿಟಿ, ಡಿಕೆಎಚ್ ಎಂಬ ಮಾನದ ಲೆಕ್ಕದಲ್ಲಿ. ಪದ ಒಂದೇ, ಅಂಕಿಗಳೂ ಅಕ್ಕಪಕ್ಕ. ಹೋದ ತಿಂಗಳು ಗಿರಾಕಿಯೊಬ್ಬರು ಪಿಎಚ್ ಇಳಿದದ್ದು ನೋಡಿ ‘ಕ್ಷಾರ ಕಮ್ಮಿ ಆಗೇದ’ ಎಂದು ಚಮಚಗಟ್ಟಲೆ ಅಡುಗೆ ಸೋಡಾ ಸುರಿದರು. ಎಸಿ ಹಾಕಿ ಮುಚ್ಚಿಟ್ಟ ಕೋಣೆ, ಇಂಗಾಲದ ಡೈಆಕ್ಸೈಡ್ ತುಂಬಿತ್ತು, ಅದೇ ನೀರಿನಲ್ಲಿ ಕರಗಿ ಪಿಎಚ್ ಇಳಿಸಿತ್ತು. ಕಿಟಕಿ ತೆರೆದಿದ್ದರೆ ಸಾಕಿತ್ತು.

‘ಸೈಕ್ಲಿಂಗ್’ಗೂ, ಅಂದರೆ ಮೀನು ಬಿಡುವ ಮುಂಚೆ ಹೊಸ ತೊಟ್ಟಿಯನ್ನು ಕೆಲವು ವಾರ ಹದಕ್ಕೆ ತರುವುದಕ್ಕೂ, ಒಂದು ಪದ ಬೇಕು. ‘ಚಕ್ರೀಕರಣ’ ಬರೆದು ನಾನೇ ಅಳಿಸಿದೆ.

ಸಿಂಧನೂರಿನಿಂದ:
ಪಿಎಚ್ ಅನ್ನು ಪಿಎಚ್ ಅಂತಲೇ ಬಿಡಿ. ಇನ್ನೊಂದಕ್ಕೆ ‘ಸವಳು’. ಸವಳು-ಜವಳು ಅಂದರೆ ಕಾಲುವೆ ಕೆಳಗಿನ ಯಾವ ರೈತನಿಗೂ ಅರ್ಥ ಹೇಳಬೇಕಿಲ್ಲ. ನಿಮ್ಮ ಬಳ್ಳಾರಿ ಕಡೆಯ ತೆಲುಗಿನ ಚೌಡು ಇದರದೇ ಬಳಗ. ಕ್ಷಾರ ನಮ್ಮ ಬಾಯಲ್ಲಿ ಖಾರವಾಗಿ ಮೆಣಸಿನಕಾಯಿಗೆ ಹೋಗಿ ಎಷ್ಟೋ ಕಾಲವಾಯಿತು, ಅದನ್ನು ಮತ್ತೆ ಎಳೆದು ತರಬೇಡಿ.

ಕೊಪ್ಪಳದಿಂದ:
ತಪ್ಪು. ಸವಳು ಅಂದರೆ ಉಪ್ಪೇರಿದ ನೆಲ. ಉಪ್ಪು ಆಗಲೇ ಮೊದಲ ಸಾಲಿನಲ್ಲಿದೆ. ಆಲ್ಕಲಿನಿಟಿ ಅಂದರೆ ಆಮ್ಲ ಬಿದ್ದರೆ ನೀರು ಎಷ್ಟು ತಾಳೀತು ಅನ್ನುವ ಅಳತೆ. ಆಮ್ಲವೂ ಬೇಡ, ನಮ್ಮ ‘ಹುಳಿ’ ಇದೆ. ‘ಹುಳಿತಾಳಿಕೆ’ ಎನ್ನಿ, ಮುಗಿಯಿತು.

ಬಳ್ಳಾರಿಯಿಂದ, ಇನ್ನೊಬ್ಬ:
ಮೀನಿನ ಅಂಗಡಿಯಲ್ಲಿ ‘ಹುಳಿ’ ಅಂತ ಬರೆಯಿರಿ, ಎಲ್ಲರೂ ಪಾತ್ರೆ ಹಿಡಿದು ಬರುತ್ತಾರೆ. ಆಲ್ಕಲಿನಿಟಿ ಎಂದೇ ಹಾಕಿ. ಆಲ್ಕಲಿ ಮೂಲದಲ್ಲಿ ಅರಬ್ಬಿ, ಗಿಡ ಸುಟ್ಟ ಬೂದಿ. ಇಂಗ್ಲಿಷಿನವರು ಅದನ್ನು ಎರವಲು ತಂದು ನಾಚಲಿಲ್ಲ. ಅರ್ಜಿ, ವಕೀಲ, ತಹಶೀಲ್ದಾರ ಎನ್ನುತ್ತಲೇ ದಿನ ದೂಡುವ ನಿಮಗೇಕೆ ಮಡಿ?

ಸಿಂಧನೂರಿನಿಂದ:
ನಾವು 1948ರವರೆಗೆ ನಿಜಾಮರ ಕೆಳಗಿದ್ದೆವು, ಆ ಪದಗಳನ್ನು ಕೇಳಿ ತಂದುಕೊಂಡದ್ದಲ್ಲ. ನೀವು 1953ರವರೆಗೆ ಮದರಾಸಿಗೆ ಸೇರಿದ್ದವರು, ಎರವಲಿನ ಪಾಠ ನಮಗೆ ಬೇಡ. ಸವಳು ತಪ್ಪಲ್ಲ. ಸವಳು ಮಣ್ಣಿನಲ್ಲಿ ಬಟ್ಟೆ ಒಗೆಯುತ್ತಿದ್ದುದು ಅದರ ಕ್ಷಾರಗುಣದಿಂದಲೇ ಹೊರತು ಉಪ್ಪಿನಿಂದಲ್ಲ. ಇರಲಿ, ಸೈಕ್ಲಿಂಗ್‌ಗೆ ‘ಪಳಗಿಸು’. ಹೊಸ ಹಂಚು ಪಳಗಿಸದೆ ಯಾರಾದರೂ ರೊಟ್ಟಿ ಹಾಕುತ್ತಾರೆಯೇ?

ಕೊಪ್ಪಳದಿಂದ:
ಪಳಗಿಸುವುದು ಆನೆಯನ್ನು.

ಕೇಳಿದವನು:
ಬೋರ್ಡು ಹೋಯಿತು. ಪಿಎಚ್ ಪಿಎಚ್ ಆಗಿಯೇ ಇದೆ. ‘ಆಲ್ಕಲಿನಿಟಿ’, ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಆಮ್ಲ ತಾಳುವ ಶಕ್ತಿ’. ಆನೆಯ ಕ್ಷಮೆ ಕೋರಿ ‘ತೊಟ್ಟಿ ಪಳಗಲಿ: ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ಮೀನು ಬಿಡಬೇಡಿ, ನಾಲ್ಕಾರು ವಾರ ಹಿಡಿದೀತು’ ಎಂದು ಹಾಕಿದ್ದೇನೆ. ಕೊನೆಯ ಸಾಲು ‘ಆವಿಯಾಗುವುದು ನೀರು, ಉಪ್ಪಲ್ಲ. ಇಂಗಿದಷ್ಟಕ್ಕೆ ಸಿಹಿನೀರು ಹಾಕಿ’ ಎಂದಿತ್ತು. ಭಾವನವರು ಒಪ್ಪಲಿಲ್ಲ. ‘ನಮ್ಮೂರಾಗ ಬೋರ್ ನೀರು ಕುಡಿಯೋರು ಅದನ್ನೂ ಸಿಹಿನೀರೇ ಅಂತಾರ, ಅದನ್ನೇ ಹುಯ್ತಾರ’ ಎಂದರು. ‘ಆರ್‌ಓ ನೀರು’ ಎಂದು ತಿದ್ದಿಸಿದೆ. ಅದಕ್ಕೆ ಕನ್ನಡ ಪದ ಇರುವವರು ದಯವಿಟ್ಟು ಬೋರ್ಡು ಗೋಡೆಗೇರಿದ ಮೇಲೆ ಬರೆಯಿರಿ.