ಕೈ ಚುರುಕಿಲ್ಲದವರಿಗೆ ತಲೆ ಓಡಿಸೋ ಆಟ: ಯಾವುದರಿಂದ ಶುರು ಮಾಡಲಿ?

ದಾವಣಗೆರೆಯಿಂದ ಪ್ರಶ್ನೆ:

ನಮಸ್ಕಾರ. ಚೆಸ್ ಬಿಟ್ಟರೆ ಕಂಪ್ಯೂಟರ್‌ನಲ್ಲಿ ಬೇರೆ ಆಟ ಆಡಿ ರೂಢಿ ಇಲ್ಲ. ತಮ್ಮನ ಜೊತೆ ಕೂತು ಗುಂಡು ಹಾರಿಸೋ ಆಟ ಆಡೋಕೆ ನೋಡಿದೆ. ಎದುರಿನವನು ಎಲ್ಲಿದ್ದಾನೆ ಅಂತ ಗೊತ್ತಾಗೋ ಹೊತ್ತಿಗೆ ನಾನು ಸತ್ತಿರ್ತೀನಿ. ನಿಧಾನಕ್ಕೆ ಯೋಚನೆ ಮಾಡಿ ಸರದಿ ಪ್ರಕಾರ ನಡೆಸೋ ಟರ್ನ್-ಬೇಸ್ಡ್ ಆಟಗಳಿವೆಯಂತೆ. ಯಾರನ್ನ ಕೇಳಿದರೂ ಎಕ್ಸ್‌ಕಾಮ್ ಅಂತಾರೆ. ನನ್ನ ಹತ್ರ ಇರೋದು ಹಳೇ ಐ3 ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಮಗು ಮಲಗಿದ ಮೇಲೆ ಸಿಗೋದು ಅರ್ಧ-ಮುಕ್ಕಾಲು ಗಂಟೆ. ದುಡ್ಡು ಹಾಕೋ ಮೊದಲು ಆಡಿದವರ ಅನುಭವ ಕೇಳಿಬಿಡೋಣ ಅಂತ.

ಬೆಂಗಳೂರಿನಿಂದ:

ಸರ್, ಯಾವುದು ಒಳ್ಳೇದು ಅನ್ನೋದು ಆಮೇಲೆ. ಮೊದಲು ಇದನ್ನ ಹೇಳಿ: ಅದೃಷ್ಟ ಕೈಕೊಟ್ಟಾಗ ನಿಮಗೆ ನಗು ಬರುತ್ತೋ, ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗೋಣ ಅನ್ಸುತ್ತೋ? ದೂರದಿಂದ ನೋಡಿದರೆ ಈ ಆಟಗಳೆಲ್ಲ ಒಂದೇ ಥರ: ಚೌಕಗಳು, ನಾಲ್ಕಾರು ಸೈನಿಕರು, ನಿಮ್ಮದೊಂದು ಸರದಿ, ಅವರದೊಂದು ಸರದಿ. ಬೇರೆ ಆಗೋದು ಅದೃಷ್ಟಕ್ಕೆ ಎಷ್ಟು ಜಾಗ ಬಿಟ್ಟಿದ್ದಾರೆ ಅನ್ನೋದರಲ್ಲಿ. ಚೆಸ್‌ನಲ್ಲಿ ಕುದುರೆ ಆನೆಯನ್ನ ಹೊಡೆದರೆ ಆನೆ ಹೋಯ್ತು ಅಂತಲೇ ಲೆಕ್ಕ. ಎಕ್ಸ್‌ಕಾಮ್‌ನಲ್ಲಿ ಗುಂಡು ತಗಲೋ ಸಾಧ್ಯತೆ 85 ಪರ್ಸೆಂಟ್ ಅಂತ ತೋರಿಸಿ, ಮೂರಡಿ ದೂರದಲ್ಲಿ ನಿಂತವನಿಗೆ ಗುರಿ ತಪ್ಪುತ್ತೆ.

ನಾನು ಅದನ್ನ ಬಯ್ದುಕೊಂಡೇ ತುಂಬಾ ಆಡಿದೀನಿ. ಮೂಲ ಆಟ 1994ರದ್ದು, ಜೂಲಿಯನ್ ಗಾಲಪ್ ಅವರದ್ದು. ಈಗ ಜನ ಹೇಳೋದು ಫೈರಾಕ್ಸಿಸ್‌ನವರು 2012ರಲ್ಲಿ ಹೊಸದಾಗಿ ಕಟ್ಟಿದ ಎಕ್ಸ್‌ಕಾಮ್: ಎನಿಮಿ ಅನ್‌ನೋನ್, ಆಮೇಲೆ 2016ರ ಎಕ್ಸ್‌ಕಾಮ್ 2. ಭೂಮಿಗೆ ಬೇರೆ ಗ್ರಹದವರು ಬಂದಿದ್ದಾರೆ, ನಿಮ್ಮ ಕೈಲಿ ನಾಲ್ಕು ಜನ (ಆಮೇಲೆ ಆರು). ಒಬ್ಬೊಬ್ಬನಿಗೆ ಒಂದು ಸರದಿಗೆ ಎರಡು ಕೆಲಸ: ಓಡೋದು, ಹೊಡೆಯೋದು. ಮೋಟು ಗೋಡೆ ಮರೆಯಲ್ಲಿದ್ದರೆ ಶತ್ರುವಿಗೆ ನಿಮ್ಮ ಮೇಲಿನ ಗುರಿ 20 ಇಳಿಯುತ್ತೆ, ಎತ್ತರದ ಮರೆಯಾದರೆ 40. ಅವನು ಪಕ್ಕಕ್ಕೆ ಬಂದು ನಿಂತರೆ ಎರಡೂ ಸೊನ್ನೆ. ಹಾಗಾಗಿ ಅರ್ಧ ಆಟ ಗೋಡೆ ಹುಡುಕೋದೇ.

ಹೊಸಬರು ಎಡವೋದು ಲೆಕ್ಕದಲ್ಲಿ. 85 ಅಂದ್ರೆ ತಗಲೇ ತಗಲುತ್ತೆ ಅಂದ್ಕೋತಾರೆ. ಅಂಥ ಐದು ಗುಂಡು ಸಾಲಾಗಿ ಹಾರಿಸಿದರೆ ಐದೂ ತಗಲೋ ಸಾಧ್ಯತೆ 44 ಪರ್ಸೆಂಟ್ ಮಾತ್ರ. ಅಂದ್ರೆ ಒಂದಾದರೂ ತಪ್ಪೋದೇ ಹೆಚ್ಚು ಸಲ. ಪಳಗಿದವರು ಅದಕ್ಕೇ ಗುಂಡಿಗಿಂತ ಗ್ರೆನೇಡ್ ನಂಬ್ತಾರೆ: ಅದಕ್ಕೆ ಪರ್ಸೆಂಟೇ ಇಲ್ಲ, ಎಸೆದ ಕಡೆ ಬೀಳುತ್ತೆ, ಮರೆಯನ್ನೂ ಒಡೆಯುತ್ತೆ. ಸೇವ್ ಮಾಡಿ ಮತ್ತೆ ಮತ್ತೆ ಲೋಡ್ ಮಾಡ್ತೀನಿ ಅಂದ್ರೂ ಆಗಲ್ಲ. ಅದೇ ಗುಂಡು ಅದೇ ಕ್ರಮದಲ್ಲಿ ಹಾರಿಸಿದರೆ ಫಲಿತಾಂಶ ಅದೇ ಬರೋ ಹಾಗೆ ಮಾಡಿದ್ದಾರೆ, ಕಿಲಾಡಿಗಳು.

ಇಷ್ಟೆಲ್ಲ ಆದಮೇಲೂ ಯಾಕೆ ಆಡ್ತೀವಿ ಅಂದ್ರೆ, ಬದುಕಿ ಬಂದ ಸೈನಿಕನಿಗೆ ಬಡ್ತಿ ಸಿಗುತ್ತೆ, ಸತ್ತವನು ಸತ್ತೇ ಹೋಗ್ತಾನೆ. ಹೆಸರು ನೀವೇ ಇಡಬಹುದು. ಆಫೀಸಿನವರ ಹೆಸರೆಲ್ಲ ಇಟ್ಟಿದ್ದೆ. ಎಚ್‌ಆರ್‌ನವರನ್ನ ಯಾವಾಗಲೂ ಮುಂದೆ ಕಳಿಸ್ತಿದ್ದೆ ಅನ್ನೋದು ಇಲ್ಲಿಗೇ ಇರಲಿ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಕ್ಸ್‌ಕಾಮ್ 2 ಯೋಚನೆ ಬಿಡಿ. 2012ರದ್ದು ಸೆಟ್ಟಿಂಗ್ ಇಳಿಸಿದರೆ ನಡೆಯುತ್ತೆ.

ಮಂಗಳೂರಿನಿಂದ:

ಚೆಸ್ ಆಡಿ ಬಂದವರ ಕೈಗೆ ಮೊದಲೇ ಎಕ್ಸ್‌ಕಾಮ್ ಕೊಡೋದು ನನಗೆ ಒಪ್ಪಿಗೆಯಿಲ್ಲ. ಇನ್‌ಟು ದ ಬ್ರೀಚ್ ಕೊಡಬೇಕು. 2018ರದ್ದು, ಎಫ್‌ಟಿಎಲ್ ಅನ್ನೋ ಆಟ ಮಾಡಿದ ಸಬ್‌ಸೆಟ್ ಗೇಮ್ಸ್‌ನವರದ್ದು. ಅಂಗಳ 8 ಮನೆ ಉದ್ದ, 8 ಮನೆ ಅಗಲ, ಹೌದು, ಚೆಸ್ ಬೋರ್ಡಿನಷ್ಟೇ. ನಿಮ್ಮದು ಮೂರು ದೈತ್ಯ ಯಂತ್ರಗಳು. ನೆಲದೊಳಗಿಂದ ವೆಕ್ ಅನ್ನೋ ಹುಳಗಳು ಎದ್ದು ಬಂದು ಊರಿನ ಕಟ್ಟಡ ಕೆಡವುತ್ತವೆ.

ಮಜಾ ಇರೋದು ಇಲ್ಲಿ: ಮುಂದಿನ ಸರದಿಗೆ ಯಾವ ಹುಳ ಯಾವ ಮನೆಗೆ ಹೊಡೆಯುತ್ತೆ, ಎಷ್ಟು ಹಾನಿ, ಯಾವ ಕ್ರಮದಲ್ಲಿ ಅನ್ನೋದನ್ನ ಮುಂಚೆಯೇ ತೋರಿಸುತ್ತೆ. ನಿಮ್ಮ ಏಟಿಗೂ ಪರ್ಸೆಂಟ್ ಇಲ್ಲ. ಹುಳವನ್ನ ಒಂದು ಮನೆ ಪಕ್ಕಕ್ಕೆ ತಳ್ಳಿದರೆ ಅದರ ಏಟೂ ಒಂದು ಮನೆ ಪಕ್ಕಕ್ಕೆ ಹೋಗಿ, ಅದರದೇ ಸಂಗಾತಿಗೆ ಬೀಳುತ್ತೆ. ನೀರಿಗೆ ತಳ್ಳಬಹುದು. ಹೊಸ ಹುಳ ಏಳೋ ಬಿಲದ ಮೇಲೆ ನಿಮ್ಮ ಯಂತ್ರವನ್ನೇ ನಿಲ್ಲಿಸಬಹುದು. ಸ್ವಲ್ಪ ಪೆಟ್ಟಾಗುತ್ತೆ, ಹುಳ ಮೇಲೆ ಬರಲ್ಲ. ನಮ್ಮ ಆಡುಹುಲಿಯಲ್ಲಿ ಆಡಿನ ಕಡೆ ಕೂತವರಿಗೆ ಇದು ತಕ್ಷಣ ಅರ್ಥವಾಗುತ್ತೆ: ಕೊಲ್ಲೋದು ಮುಖ್ಯ ಅಲ್ಲ, ಎಲ್ಲಿ ಅಡ್ಡ ನಿಲ್ಲಬೇಕು ಅನ್ನೋದು ಮುಖ್ಯ.

ಅದೃಷ್ಟ ಇರೋದು ಒಂದು ಮೂಲೆಯಲ್ಲಿ ಮಾತ್ರ. ಪೆಟ್ಟು ತಿಂದ ಕಟ್ಟಡ ಒಮ್ಮೊಮ್ಮೆ ಬೀಳದೆ ಉಳಿಯುತ್ತೆ. ಅಂದ್ರೆ ಅದೃಷ್ಟ ನಿಮಗೆ ಸಹಾಯ ಮಾಡಬಹುದು, ಕೈಕೊಡೋದಿಲ್ಲ. ಸೋತರೆ ಇನ್ಯಾರನ್ನೂ ಬೈಯೋ ಹಾಗಿಲ್ಲ. ಒಂದು ಕಾಳಗ ಕೆಲವೇ ಸರದಿಯಲ್ಲಿ ಮುಗಿಯುತ್ತೆ, ಹಳೇ ಲ್ಯಾಪ್‌ಟಾಪ್‌ನಲ್ಲೂ ಸಲೀಸಾಗಿ ಓಡುತ್ತೆ.

ಬೆಂಗಳೂರಿನಿಂದ ಮತ್ತೆ:

ಆಟ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಅದು ಯುದ್ಧ ಅಲ್ಲ, ಒಗಟು. ಪ್ರತಿ ಸರದಿಗೂ ಉತ್ತರ ಎಲ್ಲೋ ಇರುತ್ತೆ, ಹುಡುಕ್ತಾ ಕೂರ್ತೀವಿ. ಏನೋ ಎಡವಟ್ಟಾಗಿ, ಕೊನೇ ಸೈನಿಕ 30 ಪರ್ಸೆಂಟ್ ಗುಂಡು ಹಾರಿಸಿ ಎಲ್ಲರನ್ನೂ ಉಳಿಸೋ ಘಳಿಗೆ ಅಲ್ಲಿ ಬರಲ್ಲ. ಆ ಘಳಿಗೆಗೋಸ್ಕರ ಎಕ್ಸ್‌ಕಾಮ್‌ನ ಉಳಿದ ಅನ್ಯಾಯ ಎಲ್ಲ ಸಹಿಸ್ಕೋತೀವಿ.

ಪ್ರಶ್ನೆ ಕೇಳಿದವರು:

ಮೊದಲಿಗೆ, ಸರ್ ಅಲ್ಲ, ಅಕ್ಕ ಅನ್ನಿ ಸಾಕು. ಸಿಟ್ಟು ಬರುತ್ತಾ ಅಂದಿರಿ. ಲೂಡೋದಲ್ಲೇ ಬರುತ್ತೆ! ಇನ್‌ಟು ದ ಬ್ರೀಚ್ ಕೇಳೋಕೆ ಚೆನ್ನಾಗಿದೆ. ಆದರೆ ಸೋತರೆ ಮೊದಲಿಂದ ಶುರು ಮಾಡಬೇಕಾ? ಮಧ್ಯದಲ್ಲಿ ಮಗು ಎದ್ದರೆ? ಮತ್ತೆ, ದುಡ್ಡಿಲ್ಲದೆ ಆಡೋ ಅಂಥದ್ದು ಯಾವುದಾದರೂ ಇದೆಯಾ?

ಮಂಗಳೂರಿನಿಂದ:

ಮಗು ಎದ್ದರೆ ಹಾಗೇ ಮುಚ್ಚಿ ಎದ್ದೇಳಿ, ಬಿಟ್ಟ ಜಾಗದಿಂದ ಮುಂದುವರಿಯುತ್ತೆ. ಸೋತರೆ ಹೌದು, ಹೊಸದಾಗಿ ಶುರು. ಯಂತ್ರ ನಡೆಸೋ ಒಬ್ಬ ಪೈಲಟ್‌ನನ್ನ ಮಾತ್ರ ಉಳಿಸ್ಕೊಂಡು ಮುಂದಿನ ಆಟಕ್ಕೆ ಕಳಿಸಬಹುದು. ನಾಲ್ಕು ದ್ವೀಪ ಇವೆ, ನಾಲ್ಕೂ ಮುಗಿಸಲೇಬೇಕು ಅಂತಿಲ್ಲ, ಎರಡಾದ ಮೇಲೆ ಕೊನೇ ಕಾಳಗಕ್ಕೆ ಹೋಗಬಹುದು. ಹೀಗಾಗಿ ಸೋತರೂ ಕಳೆದುಕೊಳ್ಳೋದು ತಿಂಗಳ ಶ್ರಮ ಅಲ್ಲ. ಎಕ್ಸ್‌ಕಾಮ್‌ನಲ್ಲಿ ಅಷ್ಟಿಷ್ಟೇ ಜಾರುತ್ತಾ ಹೋಗಿ, ಸೋತಿದೀವಿ ಅಂತ ಗೊತ್ತಾಗೋದೇ ಎಷ್ಟೋ ದಿನದ ಮೇಲೆ.

ಧಾರವಾಡದಿಂದ:

ಅಕ್ಕಾರ, ರೊಕ್ಕ ಹಾಕೂ ಮೊದ್ಲ ವೆಸ್ನಾತ್ ಆಡಿ ನೋಡ್ರಿ. ಪೂರ್ತಿ ಹೆಸರು ಬ್ಯಾಟಲ್ ಫಾರ್ ವೆಸ್ನಾತ್. ಪುಕ್ಕಟೆ, ಓಪನ್ ಸೋರ್ಸ್, 2003ರಿಂದ ಮಂದಿ ಕೂಡಿ ಕಟ್ಟಲಿಕತ್ತಾರ. ನಮ್ಮ ಸಾಲಿ ಲ್ಯಾಬಿನ ಹಳೇ ಲಿನಕ್ಸ್ ಮಷೀನಿನ್ಯಾಗೂ ಓಡ್ತದ, ನಿಮ್ಮ ಐ3 ಅದಕ್ಕ ರಾಜಾ ಇದ್ದಂಗ.

ಇಲ್ಲಿ ಚೌಕ ಇಲ್ಲ, ಆರು ಮೂಲಿ ಮನಿ. ಏಟು ತಗಲೂದು ಬಿಡೂದು ಹೊಡಿಯಾವನ ಕೈಚಳಕದ ಮ್ಯಾಲೆ ಅಲ್ಲ, ಹೊಡಸ್ಕೊಳ್ಳಾವ ನಿಂತ ನೆಲದ ಮ್ಯಾಲೆ. ಎಲ್ಫ್ ಅನ್ನೂ ಕಾಡಿನ ಮಂದಿ ಅಡವ್ಯಾಗ ನಿಂತ್ರ ಹೊಡಿಯೂದು ಕಷ್ಟ, ಅದ ಅಡವ್ಯಾಗ ಕುದುರಿ ಸವಾರ ಹೊಕ್ಕ ಅಂದ್ರ ಅವನ ಕಥಿ ಮುಗೀತು. ಮಂತ್ರವಾದಿಗೊಳ ಏಟಿಗೆ ಮಾತ್ರ ನೆಲ ಲೆಕ್ಕಿಲ್ಲ, ಯಾವಾಗ್ಲೂ 70 ಪರ್ಸೆಂಟ್. ಇನ್ನ ಹಗಲು-ರಾತ್ರಿ ಅದಾವ. ಮನಷ್ಯಾರ ಸೈನ್ಯ ಹಗಲಿನ್ಯಾಗ 25 ಪರ್ಸೆಂಟ್ ಜೋರು, ರಾತ್ರಿ ಅಷ್ಟ ಮೆತ್ತಗ. ಆರ್ಕ್ ಅನ್ನೂ ರಾಕ್ಷಸರಿಗೆ ಉಲ್ಟಾ. ಹಂಗಾಗಿ ಸಂಜಿ ಆತಂದ್ರ ಹಿಂದ ಸರದು ಹಳ್ಳಿ ಹಿಡಕೊಂಡು ಗಾಯ ಮಾಯಿಸ್ಕೊಂಡು, ಬೆಳಗಾದ ಮ್ಯಾಲೆ ಏರಿ ಹೋಗೂದು. ಇದನ್ನ ಇಷ್ಟು ಛಲೋ ಮಾಡಿದ್ದು ರೊಕ್ಕದ ಆಟದಾಗೂ ನಾ ಕಂಡಿಲ್ಲ.

ಅದೃಷ್ಟದ ಕಾಟ ಅದ, ಸುಳ್ಳ ಯಾಕ ಹೇಳ್ಲಿ. ಆದ್ರ ಒಬ್ಬಾವ ಒಂದ ಏಟು ಅಲ್ಲ, ಮೂರು-ನಾಕು ಏಟು ಹಾಕ್ತಾನ. ಎಲ್ಲಾ ಕೂಡಿ ಸರಾಸರಿಗೆ ಬರ್ತದ. ಒಂದ ಲ್ಯಾಪ್‌ಟಾಪಿನ್ಯಾಗ ಇಬ್ರು ಪಾಳಿ ಮ್ಯಾಲೆ ಆಡಬಹುದು, ತಮ್ಮನ್ನೂ ಕೂಡಿಸ್ಕೋರಿ.

ನ್ಯೂಜೆರ್ಸಿಯಿಂದ:

ಪರ್ಸೆಂಟ್ ವಿಷಯ ಬಂತಲ್ಲ, ಒಂದು ಸೇರಿಸ್ತೀನಿ. ಮಗಳ ಜೊತೆ ನಿಂಟೆಂಡೊ ಸ್ವಿಚ್ ಅನ್ನೋ ಆಟದ ಯಂತ್ರದಲ್ಲಿ ಫೈರ್ ಎಂಬ್ಲೆಮ್: ಥ್ರೀ ಹೌಸಸ್ ಆಡ್ತೀವಿ, 2019ರದ್ದು. ಜಪಾನಿನ ಈ ಸರಣಿ 1990ರಿಂದ ನಡೀತಿದೆ. ಇದರ ಹಲವು ಆಟಗಳಲ್ಲಿ ತೋರಿಸೋ ಪರ್ಸೆಂಟೇ ಸುಳ್ಳು, ಅದೂ ಆಡುವವರ ಪರವಾಗಿ! ಏಟು ತಗಲುತ್ತೋ ಇಲ್ಲವೋ ಅಂತ ನಿರ್ಧರಿಸೋಕೆ ಲಾಟರಿ ಥರ ಒಂದು ಸಂಖ್ಯೆ ಎತ್ತೋ ಬದಲು ಎರಡು ಎತ್ತಿ ಸರಾಸರಿ ತಗೋತಾರೆ. 75 ಅಂತ ತೋರಿಸಿದ್ದು ನಿಜಕ್ಕೂ 88ರ ಹತ್ತಿರ, 30 ಅಂತ ತೋರಿಸಿದ್ದು ಸುಮಾರು 18. ನಮ್ಮ ಮನಸ್ಸು 75 ಅಂದ್ರೆ ಖಾತ್ರಿ ಅಂದ್ಕೊಳ್ಳುತ್ತಲ್ಲ, ಆಟವನ್ನೇ ಮನಸ್ಸಿಗೆ ತಕ್ಕ ಹಾಗೆ ಬಗ್ಗಿಸಿದ್ದಾರೆ. ಎಕ್ಸ್‌ಕಾಮ್ 2 ಕೂಡ ಸುಲಭದ ಹಂತಗಳಲ್ಲಿ ಗುಟ್ಟಾಗಿ ಇಂಥದ್ದೇ ಸಹಾಯ ಮಾಡುತ್ತೆ.

ಫೈರ್ ಎಂಬ್ಲೆಮ್‌ನಲ್ಲಿ ಕ್ಯಾಶುವಲ್ ಅಂತ ಆರಿಸಿಕೊಂಡರೆ ಬಿದ್ದವರು ಮುಂದಿನ ಕಾಳಗಕ್ಕೆ ಎದ್ದು ಬರ್ತಾರೆ, ಮಕ್ಕಳ ಜೊತೆ ಆಡೋರಿಗೆ ಅದೇ ಸರಿ. ಆದರೆ ಕಾಳಗದಷ್ಟೇ ಹೊತ್ತು, ಆಟದಲ್ಲಿ ನೀವು ಪಾಠ ಹೇಳೋ ಮಠದೊಳಗೆ ಓಡಾಡಿ ವಿದ್ಯಾರ್ಥಿಗಳಿಗೆ ಟೀ ಕುಡಿಸೋದರಲ್ಲಿ ಹೋಗುತ್ತೆ. ಮಗಳಿಗೆ ಅದೇ ಇಷ್ಟ. ಇದೊಂದಕ್ಕೆ ಅಂತ ಸ್ವಿಚ್ ಕೊಳ್ಳಬೇಡಿ.

ಶಿವಮೊಗ್ಗದಿಂದ:

ಇನ್‌ವಿಸಿಬಲ್ ಇಂಕ್ ಯಾರೂ ಹೇಳಲಿಲ್ಲ. ಕ್ಲೈ ಕಂಪನಿಯವರದ್ದು, 2015. ಗೂಢಚಾರರನ್ನ ಕಟ್ಟಡದೊಳಗೆ ನುಗ್ಗಿಸಿ ಕದ್ದು ಹೊರಗೆ ತರೋದು. ಏಟು ತಪ್ಪೋ ಮಾತೇ ಇಲ್ಲ. ಆದರೆ ಸರದಿ ಕಳೆದ ಹಾಗೆ ಎಚ್ಚರಿಕೆ ಗಂಟೆ ಏರ್ತಾ ಹೋಗುತ್ತೆ, ಆಸೆಪಟ್ಟು ಇನ್ನೊಂದು ತಿಜೋರಿ ಅಂತ ನಿಂತರೆ ಸಿಕ್ಕಿಬೀಳ್ತೀರಿ. ಅಕ್ಕನಿಗೆ ಎರಡನೇ ಆಟವಾಗಿ ಇದು.

ಬ್ಯಾಟಲ್ ಬ್ರದರ್ಸ್ ಅಂತ ಯಾರಾದರೂ ಹೇಳಿದರೆ ಈಗಲೇ ಕೇಳಬೇಡಿ. ನನಗೆ ಪ್ರಾಣ ಅದು, ಆದರೆ ಲೂಡೋದಲ್ಲಿ ಸಿಟ್ಟು ಬರೋರಿಗಲ್ಲ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ವೆಸ್ನಾತ್ ಇವತ್ತೇ ಇಳಿಸ್ಕೋತೀನಿ, ಪುಕ್ಕಟೆ ಅಂದಮೇಲೆ ಯೋಚನೆ ಯಾಕೆ. ಸಂಬಳ ಬಂದ ಮೇಲೆ ಇನ್‌ಟು ದ ಬ್ರೀಚ್. ಎಕ್ಸ್‌ಕಾಮ್ ಲ್ಯಾಪ್‌ಟಾಪ್ ಬದಲಾಯಿಸಿದಾಗ. ಶುರು ಮಾಡೋವಾಗ ಗೊತ್ತಿರಬೇಕಾದ್ದು ಏನಾದರೂ ಇದ್ದರೆ ಹೇಳಿ.

ಮಂಗಳೂರಿನಿಂದ:

ಸ್ಟೀಮ್ ಅನ್ನೋ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡರೆ 14 ದಿನದೊಳಗೆ, ಆಡಿದ್ದು ಎರಡು ಗಂಟೆ ಮೀರದೆ ಇದ್ದರೆ, ದುಡ್ಡು ವಾಪಸ್ ಕೇಳಬಹುದು. ಡಿಸ್ಕೌಂಟ್ ಆಗಾಗ ಬರುತ್ತೆ, ವಿಶ್‌ಲಿಸ್ಟ್‌ಗೆ ಹಾಕಿ ಕಾಯಿರಿ. ಇನ್‌ಟು ದ ಬ್ರೀಚ್ ಈಸಿಯಲ್ಲಿ, ಮೊದಲು ಕೊಡೋ ಪಡೆಯಲ್ಲೇ ಆಡಿ. ಒಂದು ಕಾಳಗಕ್ಕೆ ಒಂದು ಸಲ ಇಡೀ ಸರದಿಯನ್ನ ವಾಪಸ್ ತಗೊಳ್ಳೋ ಬಟನ್ ಇದೆ, ಮರೀಬೇಡಿ.

ಧಾರವಾಡದಿಂದ:

ವೆಸ್ನಾತ್‌ನ್ಯಾಗ ಟ್ಯುಟೋರಿಯಲ್ ಮುಗಿಸ್ರಿ, ಆಮ್ಯಾಲೆ ಎ ಟೇಲ್ ಆಫ್ ಟೂ ಬ್ರದರ್ಸ್ ಅಂತ ಸಣ್ಣ ಕ್ಯಾಂಪೇನ್ (ಒಂದ ಕಥಿಯ ಕಾಳಗದ ಸರಣಿ) ಅದ, ಅಲ್ಲಿಂದ ಹಿಡೀರಿ. ಬಡ್ತಿ ಸಿಗಲಿಕ್ಕೆ ಬಂದ ಸಿಪಾಯಿನ್ನ ಕಾಯಕೋರಿ, ಮುಂದಿನ ಕಾಳಗಕ್ಕ ಅವನ್ನ ಮತ್ತ ಕರಸ್ಕೊಳ್ಳಲಿಕ್ಕೆ ಬರ್ತದ. ನಾಯಕನ್ನ ಮಾತ್ರ ಹುರುಪಿನ್ಯಾಗ ಮುಂದ ನುಗ್ಗಸಬ್ಯಾಡ್ರಿ, ಅವ ಸತ್ರ ಆಟ ಅಲ್ಲಿಗೇ ಖಲಾಸ್.