ಈ ವಾರದ ಸಮಸ್ಯೆ: ಹುಳುವಿನ ಕಾಲಿಗೆ ಕರಡಿಯು ಮಣಿಯಿತು ನೋಡಾ

ಸಂಡೂರು ಕಂದಪ್ರಿಯ: ನಾಲ್ಕು ಪಾದದ ಕಂದಪದ್ಯದ ಕೊನೆಯ ಪಾದ ಕೊಟ್ಟಿದ್ದೇನೆ, ಮೊದಲ ಮೂರು ನೀವು ಕಟ್ಟಿ. ಚಳಿಗಾಲ ದಾಟುವ ವಿದ್ಯೆ ಒಳಗೆ ಬರಬೇಕು. ಭಾನುವಾರ ರಾತ್ರಿ ತನಕ ಸಮಯ. ಹೋದ ಸಲದಂತೆ ಸೋಮವಾರ ಬಂದು "ಕರೆಂಟ್ ಇರಲಿಲ್ಲ" ಅನ್ನಬೇಡಿ.

ಗಂಗಾವತಿ ಅಕ್ಕ: ಬೋಣಿ ನನ್ನದು.

ಚಳಿಗಾಲದಿ ಹಿಮಗಟ್ಟಿಯು-
ಮಳಿಯದೆ ಬೇಸಗೆ ಬರುತಲೆ ನಡೆದಿತು ಮತ್ತೇ
ತಿಳಿಸೆನಗೀ ಗುಟ್ಟೆನ್ನುತ
ಹುಳುವಿನ ಕಾಲಿಗೆ ಕರಡಿಯು ಮಣಿಯಿತು ನೋಡಾ

ಗ್ರೀನ್‌ಲ್ಯಾಂಡ್ ಕಡೆ ಇಂಥ ಕಂಬಳಿಹುಳ ಇದೆ. ಮೈಯಲ್ಲಿ ಗ್ಲಿಸರಾಲ್ ತುಂಬಿಕೊಂಡು ಹೆಪ್ಪುಗಟ್ಟುತ್ತದೆ. ಸೊನ್ನೆಗಿಂತ 60 ಡಿಗ್ರಿ ಕೆಳಗಿಳಿದರೂ ಸಾಯಲ್ಲ. ಪತಂಗ ಆಗಲು ಸುಮಾರು 7 ವರ್ಷ ಬೇಕು. ಕರಡಿಯದು ಏನಿದೆ? ಮೈಬಿಸಿ ಕೆಲವೇ ಡಿಗ್ರಿ ಇಳಿಸಿ, ಸ್ವಂತ ಕೊಬ್ಬು ಕರಗಿಸಿಕೊಂಡು ಮಲಗುತ್ತದೆ. ಅದಕ್ಕೇ ಶಿಷ್ಯನಾಯಿತು.

ರಾಯಚೂರು ಮೇಷ್ಟ್ರು: ಪದ್ಯ ಓಡುತ್ತದೆ, ಪಾದದ ಎರಡನೇ ಅಕ್ಷರದ ಪ್ರಾಸ ಕುಂಟುತ್ತದೆ. 'ಚಳಿ', 'ತಿಳಿ' ಕುಳ, ಅಂದರೆ ಮಾಮೂಲಿ ಳ. 'ಹುಳು', 'ಅಳಿ' ರಳ, ಅಂದರೆ ಹಳಗನ್ನಡದ ೞ. ಹಿಂದಿನವರು ಪುೞು, ಅೞಿ ಎಂದೇ ಬರೆದರು. ಎತ್ತು, ಕೋಣ ಒಂದೇ ನೊಗಕ್ಕೆ ಕಟ್ಟಿದ್ದೀರಿ.

ಗಂಗಾವತಿ ಅಕ್ಕ: ಸಮಸ್ಯೆಯಲ್ಲೇ 'ಹುಳು' ಇದೆಯಲ್ಲ ಮೇಷ್ಟ್ರೇ, 'ಪುೞು' ಅಲ್ಲ. ಪಕಾರ ಹೋಗಿ ಹಕಾರ ಬಂದದ್ದಕ್ಕೆ ತಕರಾರಿಲ್ಲ. ೞಕಾರ ಒಂದನ್ನೇ ನಾನು ಯಾಕೆ ಕಾಯಬೇಕು?

ರಾಯಚೂರು ಮೇಷ್ಟ್ರು: ಕಂದ ಬರೆಯುವವರು ಕಾಯಬೇಕು.

ಗಂಗಾವತಿ ಅಕ್ಕ: ಉಗಾದಿಗೆ ನೀವೇ 'ಮಳೆ'ಗೆ 'ಬೆಳೆ' ಪ್ರಾಸ ಹಾಕಿದ್ದಿರಿ. ಸ್ಕ್ರೀನ್‌ಶಾಟ್ ಇದೆ, ಹಾಕಲಾ?

ರಾಯಚೂರು ಮೇಷ್ಟ್ರು: ಅದು ಮಕ್ಕಳಿಗೆ ಬರೆದದ್ದು.

ಮಸ್ಕಿ ತಮ್ಮ: ಜಗಳ ಇರಲಿ. ಆ ೞ ನನ್ನ ಫೋನಿನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಹೇಗೆ ಒತ್ತಿದಿರಿ?

ರಾಯಚೂರು ಮೇಷ್ಟ್ರು: ಬೇರೆ ಕಡೆಯಿಂದ ಎತ್ತಿ ಅಂಟಿಸಿದೆ. ವಿಷಯಕ್ಕೆ ಬಾ.

ದರೋಜಿ ಕಾಕಾ: ಛಂದಸ್ಸು ನನಗೆ ಅಷ್ಟಕ್ಕಷ್ಟೇ. ಆದರೆ ನಮ್ಮ ಕರಡಿ ಚಳಿಗಾಲದಲ್ಲಿ ಮಲಗಲ್ಲಮ್ಮ. ಗೆದ್ದಲು, ಇರುವೆ, ಹಣ್ಣು, ಜೇನು ಅಂತ ವರ್ಷವಿಡೀ ಏನಾದರೂ ಸಿಗುತ್ತದೆ. ಮಲಗೋದು ಯಾಕೆ? ಹಗಲು ಬಂಡೆ ಸಂದಿಯಲ್ಲಿ ಇದ್ದು ಸಂಜೆ ಇಳಿಯುತ್ತದೆ. 1994ರಲ್ಲಿ ಕರಡಿಧಾಮ ಆದಾಗಿನಿಂದ ನೋಡುತ್ತಿದ್ದೇನೆ. ಬಂಡೆಗೆ ಬಳಿದ ಬೆಲ್ಲಕ್ಕೆ ಮಣಿಯುತ್ತದೆ, ಹುಳಕ್ಕಲ್ಲ.

ಗಂಗಾವತಿ ಅಕ್ಕ: ಕಾಶ್ಮೀರದ ಕರಡಿ ಅಂದುಕೊಳ್ಳಿ ಕಾಕಾ. ಅದು ಮಲಗುತ್ತದೆ.

ರಾಯಚೂರು ಮೇಷ್ಟ್ರು: ಕಾಶ್ಮೀರಕ್ಕೆ ಯಾಕೆ ಹೋಗಬೇಕು? ಇಗೋ, ನಾಲ್ಕೂ ಪಾದ ರಳ.

ಮಳೆ ಬರುವನಕಂ ಮಣ್ಣೊಳ-
ಗುಳಿಯುತ ಕೋಶದಿ ಮಲಗುವ ಬಗೆಯನು ಕಂಡೇ
ಹಳೆ ಬಂಡೆಯ ಗವಿ ಬಿಟ್ಟೇ
ಹುಳುವಿನ ಕಾಲಿಗೆ ಕರಡಿಯು ಮಣಿಯಿತು ನೋಡಾ

ಶೇಂಗಾ ಹೊಲ ಬೋಳಿಸುವ ಕೆಂಪು ಕಂಬಳಿಹುಳ ಇದು. ಚಳಿ, ಬೇಸಿಗೆ ಎರಡನ್ನೂ ಮಣ್ಣಲ್ಲೇ ಕಳೆದು ಮುಂಗಾರಿಗೆ ಪತಂಗವಾಗಿ ಏಳುತ್ತದೆ.

ಸಂಡೂರು ಕಂದಪ್ರಿಯ: ಸೈ.

ಗಂಗಾವತಿ ಅಕ್ಕ: 'ಕಂಡೇ', 'ಬಿಟ್ಟೇ'. ಗುರು ಸಾಲದೆ ಎಳೆದಿರಾ?

ರಾಯಚೂರು ಮೇಷ್ಟ್ರು: ನಿಮ್ಮ 'ಮತ್ತೇ' ತಾನಾಗಿ ಉದ್ದ ಆಯಿತೇ? ಅಂದಹಾಗೆ 'ಎಳೆ' ಕೂಡ ರಳವೇ.

ಮಸ್ಕಿ ತಮ್ಮ: ಒಂದು ಮಾತು. ಅಕ್ಕನ ಗ್ರೀನ್‌ಲ್ಯಾಂಡ್ ಹುಳಕ್ಕೆ ಇಂಗ್ಲಿಷಿನಲ್ಲಿ 'ವುಲ್ಲಿ ಬೇರ್' ಅಂತಾರೆ. ಉಣ್ಣೆ ಕರಡಿ! ಹಾಗಾದರೆ ಕರಡಿ ಬಿದ್ದದ್ದು ಕರಡಿ ಕಾಲಿಗೇ ಅಲ್ವಾ?

ಸಂಡೂರು ಕಂದಪ್ರಿಯ: ಅಬ್ಬಾ, ಒಬ್ಬನಾದರೂ ಮುಟ್ಟಿದ! ನಾನು ಬಚ್ಚಿಟ್ಟ ಕೀಲಿ ಅದೇ. ದೊಡ್ಡವರಿಬ್ಬರೂ ಳಕಾರದಲ್ಲೇ ಹೂತುಹೋದರು. ಕಂದ ಎಲ್ಲಿ ತಮ್ಮಾ?

ಮಸ್ಕಿ ತಮ್ಮ: ಎರಡು ಗಣ ಆಗಿದೆ ಸಾರ್. ಭಾನುವಾರ ರಾತ್ರಿ ತನಕ ಸಮಯ ಅಂದಿದ್ದಿರಿ.